ಬಂದೂಕಿನ ಎಣ್ಣೆಯೂ ಬಾಣಲೆಯ ಎಣ್ಣೆಯೂ

ಎತ್ತಿನ ಬಂಡಿಗಳ ಕಾಲದಲ್ಲಿ ಕೀಲೆಣ್ಣೆಯಿಲ್ಲದೆ ಯಾರೂ ದೂರದ ಪ್ರಯಾಣಕ್ಕೆ ಹೊರಡುತ್ತಿರಲಿಲ್ಲ. ಬಂಡಿಯ ಕೆಳಗೆ ಎಣ್ಣೆ ತುಂಬಿದ ಬಿದಿರಿನ ಗೊಟ್ಟವೊಂದು ತೂಗಾಡುತ್ತಿತ್ತು. ಅಚ್ಚು ಕಿರುಗುಟ್ಟತೊಡಗಿದೊಡನೆ ಬಂಡಿಯನ್ನು ನಿಲ್ಲಿಸಿ, ಕಡಾಣಿಯನ್ನು ಕಿತ್ತು, ಚಕ್ರವನ್ನು ತುಸು ಸರಿಸಿ, ಹರಳೆಣ್ಣೆಯನ್ನು ಸವರಿ ಮುಂದೆ ಸಾಗುತ್ತಿದ್ದರು. ಅದೇ ಹರಳೆಣ್ಣೆ ಮನೆಯೊಳಗೆ ದೀಪಕ್ಕೂ ತಲೆಗೂ ಮಕ್ಕಳ ಹೊಟ್ಟೆಯ ಶುದ್ಧಿಗೂ ಒದಗುತ್ತಿತ್ತು. ಒಂದೇ ಎಣ್ಣೆ ಇಷ್ಟು ಕೆಲಸಗಳಿಗೆ ಬರುವುದೆಂದು ಯಾರೂ ಅಚ್ಚರಿಪಡಲಿಲ್ಲ. ಈ ಉಪಯೋಗ ಯಾರ ಸೊತ್ತು ಎಂದು ಯಾರೂ ಕೇಳಲಿಲ್ಲ.

ಇಂತಹುದೇ ಒಂದು ಪ್ರಶ್ನೆ 2015ರಲ್ಲಿ ಅಮೆರಿಕದಲ್ಲಿ ಎದ್ದಿತು. ವರ್ಜೀನಿಯ ರಾಜ್ಯದ ಫೈರ್‌ಕ್ಲೀನ್ ಎಂಬ ಸಂಸ್ಥೆ ಅದೇ ಹೆಸರಿನ ಬಂದೂಕಿನ ಎಣ್ಣೆಯೊಂದನ್ನು ಪುಟ್ಟ ಸೀಸೆಗಳಲ್ಲಿ ಮಾರುತ್ತಿತ್ತು. ಅದನ್ನು ಹಚ್ಚಿದರೆ ಗುಂಡು ಹಾರಿಸಿದಾಗ ಬರುವ ಮಸಿ ಯಂತ್ರಭಾಗಗಳಿಗೆ ಕಚ್ಚಿಕೊಳ್ಳುವುದಿಲ್ಲ, ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ ಎಂಬುದು ಅದರ ಹೆಗ್ಗಳಿಕೆ. ಆದರೆ ಅದು ದಿನಸಿ ಅಂಗಡಿಯಲ್ಲಿ ದೊರೆಯುವ 'ಕ್ರಿಸ್ಕೊ' ಎಂಬ ಅಡಿಗೆ ಎಣ್ಣೆಗಿಂತ ಬೇರೆಯಲ್ಲ ಎಂಬ ಮಾತು ಹುಟ್ಟಿ, ಬಂದೂಕುಗಳ ವಿಷಯ ಬರೆಯುವವರ ನಡುವೆ ಹಬ್ಬಿತು. ಎಣ್ಣೆಯ ಮಾದರಿಯನ್ನು ಪ್ರಯೋಗಶಾಲೆಗೆ ಕಳುಹಿಸಿ ಪರೀಕ್ಷೆ ಮಾಡಿಸಿದ ಫಲಿತಾಂಶಗಳು ಪ್ರಕಟವಾದುವು. ಸಂಸ್ಥೆ ಆ ಮಾತನ್ನು ಬಲವಾಗಿ ಅಲ್ಲಗಳೆಯಿತು. 2015ರ ಡಿಸೆಂಬರಿನಲ್ಲಿ ಸಸ್ಯತೈಲಗಳ ಮಿಶ್ರಣ ಹಾಗೂ ಅದನ್ನು ಬಳಸುವ ವಿಧಾನದ ಬಗ್ಗೆ ಅದಕ್ಕೆ ಅಮೆರಿಕದ ಪೇಟೆಂಟು ದೊರೆಯಿತು. 2016ರಲ್ಲಿ ಅದು ತನ್ನ ಟೀಕಾಕಾರರ ಮೇಲೆ ಮಾನನಷ್ಟದ ಮೊಕದ್ದಮೆಯನ್ನು ಹೂಡಿತು.

ಒಂದು ಸೀಸೆ ಎಣ್ಣೆಗಾಗಿ ಇಷ್ಟು ಗದ್ದಲವೇ ಎಂದು ವಾಚಕರು ನಗಬಹುದು. ಆದರೆ ಈ ಗದ್ದಲದೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಸೀಸೆಯೊಳಗೆ ಏನಿದೆ? ಅದು ಹೇಳಿದ ಕೆಲಸವನ್ನು ಮಾಡುತ್ತದೆಯೆ? ಅದು ಹೊಸದೆ? ಮೊದಲನೆಯದಕ್ಕೆ ಉತ್ತರ ಹೇಳಬೇಕಾದವನು ರಸಾಯನಜ್ಞ. ಎರಡನೆಯದಕ್ಕೆ, ಬಳಸಿ ಅಳೆದು ನೋಡುವವನು. ಮೂರನೆಯದಕ್ಕೆ, ಕಾನೂನು ಬಲ್ಲವನು. ಒಂದರ ಉತ್ತರವನ್ನು ಇನ್ನೊಂದರ ಉತ್ತರವೆಂದು ತಿಳಿಯುವುದರಿಂದಲೇ ಇಂತಹ ಜಗಳಗಳು ಮುಗಿಯದೆ ಬೆಳೆಯುತ್ತವೆ. ಮೂರನ್ನೂ ಬಿಡಿಸಿ ಒಂದೊಂದಾಗಿ ನೋಡೋಣ.

ಎಣ್ಣೆ ಜಾರಿಸುವುದು ಹೇಗೆ?

ನುಣುಪಾಗಿ ಕಾಣುವ ಉಕ್ಕಿನ ಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಬೆಟ್ಟಗುಡ್ಡಗಳ ಸೀಮೆಯಂತೆ ತೋರುತ್ತದೆ. ಅಂತಹ ಎರಡು ಮೈಗಳನ್ನು ಒಂದರ ಮೇಲೊಂದು ಇಟ್ಟರೆ ತುದಿಗಳು ಮಾತ್ರ ಪರಸ್ಪರ ತಾಗುತ್ತವೆ. ಭಾರವೆಲ್ಲ ಆ ತುದಿಗಳ ಮೇಲೆ ಬೀಳುವುದರಿಂದ ಅಲ್ಲಿ ಲೋಹಕ್ಕೆ ಲೋಹ ಬೆಸೆದುಕೊಳ್ಳುತ್ತದೆ. ಮೈಗಳನ್ನು ಜಾರಿಸುವಾಗ ಈ ಬೆಸುಗೆಗಳನ್ನು ಹರಿಯಬೇಕು. ಘರ್ಷಣೆ ಎಂಬುದರ ಬಹುಪಾಲು ಇದೇ.

ನಡುವೆ ಎಣ್ಣೆ ಇದ್ದರೆ ಎರಡು ಬಗೆಯಲ್ಲಿ ಸಹಾಯವಾಗುತ್ತದೆ. ಅಚ್ಚು ವೇಗವಾಗಿ ತಿರುಗುತ್ತಿದ್ದಾಗ ಅದು ಎಣ್ಣೆಯನ್ನು ತನ್ನೊಡನೆ ಎಳೆದುಕೊಂಡು ಹೋಗಿ, ಕಿರಿದಾದ ಸಂದಿಯಲ್ಲಿ ಒತ್ತಡವನ್ನು ಉಂಟುಮಾಡುತ್ತದೆ. ಈ ಒತ್ತಡವೇ ಅಚ್ಚನ್ನು ಮೇಲೆತ್ತಿ ಹಿಡಿಯುತ್ತದೆ. 1886ರಲ್ಲಿ ಆಸ್‌ಬರ್ನ್ ರೆನಾಲ್ಡ್ಸ್ ಇದನ್ನು ಗಣಿತದಿಂದ ವಿವರಿಸಿದನು. ಇಲ್ಲಿ ಮುಖ್ಯವಾದುದು ಎಣ್ಣೆಯ ಸ್ನಿಗ್ಧತೆ ಮಾತ್ರ. ಅದು ಯಾವ ಎಣ್ಣೆ ಎಂಬುದು ಅಷ್ಟಾಗಿ ಮುಖ್ಯವಲ್ಲ.

ಚಲನೆ ನಿಧಾನವಾಗಿದ್ದಾಗ, ಅಥವಾ ಹಿಂದಕ್ಕೂ ಮುಂದಕ್ಕೂ ಬಡಿದಾಡುವಂತಿದ್ದಾಗ, ಈ ದಪ್ಪ ಪದರ ನಿಲ್ಲುವುದಿಲ್ಲ. ಆಗ ಲೋಹಕ್ಕೆ ಅಂಟಿ ನಿಂತಿರುವ ಅತಿ ತೆಳುವಾದ ಪದರವೊಂದೇ ಗತಿ. 1920ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಸರ್ ವಿಲಿಯಮ್ ಬೇಟ್ ಹಾರ್ಡಿ ಇದನ್ನು ಅಭ್ಯಸಿಸಿದನು. ಸಸ್ಯತೈಲಗಳಲ್ಲಿ ದೊರೆಯುವ ಮೇದಾಮ್ಲದ ಅಣುವನ್ನು ಒಂದು ಉದ್ದನೆಯ ಬಾಲವುಳ್ಳ ಜಂತುವಿನಂತೆ ಊಹಿಸಿಕೊಳ್ಳಬಹುದು. ಅದರ ತಲೆಯಲ್ಲಿ ಆಮ್ಲಜನಕವಿದೆ. ಅದು ಲೋಹವನ್ನು ಹಿಡಿದುಕೊಳ್ಳುತ್ತದೆ. ಬಾಲವು ಇಂಗಾಲ ಮತ್ತು ಜಲಜನಕಗಳ ಸರಪಳಿ. ಅದು ಹೊರಕ್ಕೆ ಚಾಚಿ ನಿಲ್ಲುತ್ತದೆ. ಹೀಗೆ ಲೋಹದ ಮೈಯ ಮೇಲೆ ಪೈರಿನಂತೆ ಒತ್ತಾಗಿ ಅಣುಗಳು ನಿಂತು, ಎದುರಿನ ಲೋಹವನ್ನು ದೂರವಿಡುತ್ತವೆ. ಈ ಪೈರಿನ ಎತ್ತರ ಮಿಲಿಮೀಟರಿನ ನಾಲ್ಕು ಲಕ್ಷದಲ್ಲೊಂದು ಭಾಗದಷ್ಟು ಮಾತ್ರ! ಆದರೂ, ಒಣ ಉಕ್ಕಿನ ಮೇಲೆ ಉಕ್ಕು ಜಾರುವಾಗ 0.6 ಅಥವಾ ಅದಕ್ಕೂ ಹೆಚ್ಚಿರುವ ಘರ್ಷಣಾಂಕವನ್ನು ಇದು ಸುಮಾರು 0.1ಕ್ಕೆ ಇಳಿಸಬಲ್ಲುದು.

ಶುದ್ಧವಾದ ಖನಿಜ ತೈಲದ ಅಣುಗಳಿಗೆ ಇಂತಹ ತಲೆಯಿಲ್ಲ. ಆದುದರಿಂದ ಅವು ಲೋಹವನ್ನು ಬಿಗಿಯಾಗಿ ಹಿಡಿಯಲಾರವು. ವೆಲ್ಸ್ ಮತ್ತು ಸೌತ್‌ಕೂಂಬ್ ಎಂಬ ಇಬ್ಬರು ಖನಿಜ ತೈಲಕ್ಕೆ ಸ್ವಲ್ಪವೇ ಮೇದಾಮ್ಲವನ್ನು ಬೆರೆಸಿದರೆ ಘರ್ಷಣೆ ಬಹಳ ತಗ್ಗುವುದೆಂದು ಕಂಡು, ಪೇಟೆಂಟನ್ನು ಪಡೆದು, 1920ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಖನಿಜ ತೈಲವೂ ಹಳೆಯದು, ಮೇದಾಮ್ಲವೂ ಹಳೆಯದು. ಇಷ್ಟು ಕಡಮೆ ಪ್ರಮಾಣ ಸಾಕೆಂಬ ಅರಿವು ಹೊಸದು. ಇದನ್ನು ನೆನಪಿನಲ್ಲಿಡೋಣ, ಮುಂದೆ ಬೇಕಾಗುತ್ತದೆ.

ಬಂದೂಕಿನೊಳಗಿನ ಕಷ್ಟ

ಬಂದೂಕಿನೊಳಗೆ ಎಣ್ಣೆಗೆ ಒದಗುವ ಪರೀಕ್ಷೆ ಬಂಡಿಯ ಅಚ್ಚಿನಲ್ಲಿರುವುದಕ್ಕಿಂತ ಬಹಳ ಕಠಿನವಾದುದು. ಸಿಡಿಮದ್ದು ಉರಿದಾಗ ಕೆಲವೇ ಸಾವಿರಾಂಶ ಸೆಕೆಂಡುಗಳ ಕಾಲ ಒಳಗಿನ ಒತ್ತಡ ವಾಯುಮಂಡಲದ ಒತ್ತಡದ 3,000 ಪಟ್ಟನ್ನು ಮೀರುತ್ತದೆ. ಅನಿಲಗಳ ಉಷ್ಣತೆ 2,000 ಡಿಗ್ರಿ ಸೆಂಟಿಗ್ರೇಡನ್ನು ದಾಟುತ್ತದೆ. ತಾನಾಗಿಯೇ ಮುಂದಿನ ತೋಟೆಯನ್ನು ತುಂಬಿಕೊಳ್ಳುವ ಬಂದೂಕುಗಳಲ್ಲಿ ಈ ಅನಿಲದ ಒಂದು ಪಾಲನ್ನೇ ಹಿಂದಕ್ಕೆ ತಂದು ಯಂತ್ರವನ್ನು ನಡೆಸುವರು. ಅಮೆರಿಕದ ಎಂ-16 ಬಂದೂಕಿನಲ್ಲಿ ಅದು ಒಂದು ಸಣ್ಣ ಕೊಳವೆಯ ಮೂಲಕ ನೇರವಾಗಿ ಹಿಂಬದಿಯ ಚಲಿಸುವ ಭಾಗದೊಳಕ್ಕೇ ನುಗ್ಗುತ್ತದೆ. ಅನಿಲದೊಡನೆ ಮಸಿಯೂ ಬರುತ್ತದೆ. ಮಸಿ ಬಿಸಿಲೋಹದ ಮೇಲೆ ಕೂತು ಗಟ್ಟಿಯಾದರೆ ಅದನ್ನು ಕೆರೆದು ತೆಗೆಯಬೇಕಾಗುತ್ತದೆ.

ಇದು ಬರಿಯ ಶುಚಿತ್ವದ ಮಾತಲ್ಲ. ವಿಯಟ್ನಾಂ ಯುದ್ಧದಲ್ಲಿ, 1966 ಮತ್ತು 1967ರಲ್ಲಿ, ಈ ಬಂದೂಕುಗಳು ಹೋರಾಟದ ನಡುವೆಯೇ ಸಿಕ್ಕಿಕೊಂಡು ನಿಂತು, ಸೈನಿಕರು ಕೈಯಲ್ಲಿ ಆಯುಧವಿದ್ದೂ ನಿರಾಯುಧರಾಗಿ ಸತ್ತರು. ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು 1967ರಲ್ಲಿ ವಿಚಾರಣೆ ನಡೆಸಿತು. ಮೊದಲು ಗೊತ್ತುಮಾಡಿದ್ದ ಸಿಡಿಮದ್ದನ್ನು ಬದಲಾಯಿಸಿದುದು, ತೋಟೆ ಕೂರುವ ಕೋಣೆಗೆ ಕ್ರೋಮಿಯಂ ಲೇಪ ಕೊಡದೆ ತುಕ್ಕಿಗೆ ಎಡೆಮಾಡಿದುದು, ಶುಚಿಗೊಳಿಸುವ ಸಲಕರಣೆಗಳನ್ನು ಸಾಕಷ್ಟು ಒದಗಿಸದಿದ್ದುದು ಇವೆಲ್ಲ ಸೇರಿ ಆ ಅನಾಹುತವಾಗಿತ್ತು. ಎಣ್ಣೆಯೊಂದೇ ಅದನ್ನು ತಪ್ಪಿಸುತ್ತಿತ್ತೆಂದು ಹೇಳುವಂತಿಲ್ಲ. ಆದರೆ ಮಸಿ, ತುಕ್ಕು, ಘರ್ಷಣೆ ಈ ಮೂರು ಶತ್ರುಗಳನ್ನು ಹಗುರವಾಗಿ ಎಣಿಸಬಾರದೆಂಬ ಪಾಠವನ್ನು ಅದು ಕಲಿಸಿತು. ಒಳ್ಳೆಯ ಬಂದೂಕಿನ ಎಣ್ಣೆ ಜಾರಿಸಬೇಕು, ಮಸಿಯನ್ನು ಕಚ್ಚಿಕೊಳ್ಳದಂತೆ ತಡೆಯಬೇಕು, ತೇವದಿಂದ ಉಕ್ಕನ್ನು ಕಾಪಾಡಬೇಕು. ಕೈಲ್‌ಮುಹೂರ್ತಕ್ಕೆಂದು ಮಳೆಗಾಲದ ಕೊನೆಯಲ್ಲಿ ಕೋವಿಯನ್ನು ಒರೆಸಿ ಇಡುವ ಕೊಡಗಿನ ಮನೆಯವರಿಗೆ ಈ ಮೂರನೆಯ ಕೆಲಸದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಸಸ್ಯತೈಲದ ಗುಣವೂ ದೋಷವೂ

ಎಳ್ಳು, ಕಡಲೆಕಾಯಿ, ಸೋಯಾ, ಸೂರ್ಯಕಾಂತಿ ಯಾವುದರ ಎಣ್ಣೆಯೇ ಆಗಲಿ, ಅದರ ರಚನೆಯ ಮಾದರಿ ಒಂದೇ. ಗ್ಲಿಸರಿನ್ ಎಂಬ ಗಿಡ್ಡ ಬೆನ್ನೆಲುಬಿಗೆ ಮೂರು ಮೇದಾಮ್ಲಗಳು ಜೋಡಣೆಗೊಂಡಿರುತ್ತವೆ. ಎಣ್ಣೆಯಿಂದ ಎಣ್ಣೆಗೆ ವ್ಯತ್ಯಾಸವಿರುವುದು ಆ ಮೇದಾಮ್ಲಗಳ ಉದ್ದದಲ್ಲಿ ಮತ್ತು ಅವುಗಳಲ್ಲಿರುವ ಜೋಡಿಬಂಧಗಳ ಸಂಖ್ಯೆಯಲ್ಲಿ.

ಇದರ ಗುಣಗಳು ಹಲವು. ಅಣುವಿನಲ್ಲಿ ಆಮ್ಲಜನಕವಿರುವುದರಿಂದ ಅದು ಲೋಹವನ್ನು ಚೆನ್ನಾಗಿ ಹಿಡಿಯುತ್ತದೆ. ಬಿಸಿಯಾದಾಗ ಬಹಳ ತೆಳುವಾಗದೆ ತನ್ನ ಸ್ನಿಗ್ಧತೆಯನ್ನು ಖನಿಜ ತೈಲಕ್ಕಿಂತ ಹೆಚ್ಚಾಗಿ ಉಳಿಸಿಕೊಳ್ಳುತ್ತದೆ. ಚೆನ್ನಾಗಿ ಶುದ್ಧಿಮಾಡಿದ ಹಲವು ಅಡಿಗೆ ಎಣ್ಣೆಗಳು 200 ಡಿಗ್ರಿ ಸೆಂಟಿಗ್ರೇಡಿಗೂ ಹೆಚ್ಚಿನ ಕಾವಿನವರೆಗೆ ಹೊಗೆಯಾಡುವುದಿಲ್ಲ. ಬಾಣಲೆಯಲ್ಲಿ ಹಪ್ಪಳ ಕರಿಯುವಾಗ ನಮಗೆ ಬೇಕಾದ ಗುಣವೇ ಬಂದೂಕಿನೊಳಗೂ ಬೇಕಾದುದು.

ದೋಷಗಳೂ ಇವೆ. ಜೋಡಿಬಂಧಗಳಿರುವೆಡೆಯಲ್ಲಿ ಗಾಳಿಯ ಆಮ್ಲಜನಕ ಬಂದು ಸೇರಿ, ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಎಣ್ಣೆ ಅಂಟಾಗುತ್ತದೆ. ಜೋಡಿಬಂಧಗಳ ಪ್ರಮಾಣವನ್ನು ಅಯೊಡಿನ್ ಸಂಖ್ಯೆ ಎಂಬುದರಿಂದ ಅಳೆಯುವರು. ಕೊಬ್ಬರಿ ಎಣ್ಣೆಗೆ ಅದು 10ಕ್ಕೂ ಕಡಮೆ. ಹರಳೆಣ್ಣೆಗೆ 85ರ ಸುಮಾರು. ಕಡಲೆಕಾಯಿ ಎಣ್ಣೆಗೆ 85ರಿಂದ 100ರವರೆಗೆ. ಸೂರ್ಯಕಾಂತಿ ಎಣ್ಣೆಗೆ 130ರ ಆಸುಪಾಸು. ಅಗಸೆ ಎಣ್ಣೆಗೆ 170ಕ್ಕೂ ಮೇಲೆ. ಅಗಸೆ ಎಣ್ಣೆಯನ್ನು ಬಣ್ಣಕ್ಕೆ ಬೆರೆಸುವುದೂ, ಬಂದೂಕಿನ ಮರದ ಹಿಡಿಗೆ ಉಜ್ಜುವುದೂ ಅದು ಒಣಗಿ ಗಟ್ಟಿ ಪೊರೆಯಾಗುವುದರಿಂದಲೇ. ಅದನ್ನೇ ಚಲಿಸುವ ಭಾಗಕ್ಕೆ ಹಾಕಿದರೆ ಯಂತ್ರವೇ ಕಚ್ಚಿಕೊಂಡೀತು. ಹಾಗಾದರೆ ಕೊಬ್ಬರಿ ಎಣ್ಣೆ ಎಲ್ಲಕ್ಕೂ ಮೇಲೆಂದು ಹೇಳೋಣವೆಂದರೆ, ಅದು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಮಾಗಿಯ ಬೆಳಗಿನಲ್ಲಿ ಸೀಸೆಯನ್ನು ತಲೆಕೆಳಗು ಮಾಡಿದವರಿಗೆಲ್ಲ ಇದು ಗೊತ್ತು. ಆದುದರಿಂದ ಒಂದೇ ಎಣ್ಣೆಯಲ್ಲಿ ಎಲ್ಲ ಗುಣಗಳನ್ನೂ ಹುಡುಕದೆ, ಹಲವನ್ನು ಬೆರೆಸಿ ಹದ ಕಾಣುವುದರಲ್ಲಿ ಅರ್ಥವಿದೆ.

ಹರಳೆಣ್ಣೆಯ ಸ್ಥಾನ ಇವುಗಳಲ್ಲಿ ವಿಶೇಷವಾದುದು. ಅದರ ಮುಖ್ಯ ಮೇದಾಮ್ಲದಲ್ಲಿ ಒಂದು ಹೆಚ್ಚಿನ ಹೈಡ್ರಾಕ್ಸಿಲ್ ಗುಂಪು ಇದೆ. ಇದರಿಂದ ಅದು ಇತರ ಎಣ್ಣೆಗಳಿಗಿಂತ ಹಲವು ಪಟ್ಟು ಸ್ನಿಗ್ಧವಾಗಿರುತ್ತದೆ, ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದೂ ಇಲ್ಲ. ಮೊದಲ ಮಹಾಯುದ್ಧದ ವಿಮಾನಗಳ ಸುತ್ತುವ ಎಂಜಿನ್ನುಗಳಲ್ಲಿ ಇಂಧನವು ಎಣ್ಣೆಯಿರುವ ಕೋಣೆಯ ಮೂಲಕವೇ ಹಾದುಹೋಗುತ್ತಿತ್ತು. ಅಲ್ಲಿ ಖನಿಜ ತೈಲ ತೆಳುವಾಗಿ ಕೊಚ್ಚಿಹೋಗುತ್ತಿದ್ದುದರಿಂದ ಹರಳೆಣ್ಣೆಯನ್ನೇ ಬಳಸಿದರು. ಕ್ಯಾಸ್ಟ್ರಾಲ್ ಎಂಬ ಪ್ರಸಿದ್ಧ ಹೆಸರು ಬಂದುದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ. ನಮ್ಮ ಬಂಡಿಯ ಗೊಟ್ಟದೊಳಗಿದ್ದ ವಸ್ತು ಆಕಾಶಕ್ಕೂ ಏರಿತ್ತು.

ಬಂದೂಕಿನ ಚರಿತ್ರೆಯಲ್ಲಿಯೂ ಸಸ್ಯತೈಲ ಹೊಸಬನಲ್ಲ. ಖನಿಜ ತೈಲ ಬಳಕೆಗೆ ಬರುವ ಮೊದಲು ಆಲಿವ್ ಎಣ್ಣೆಯನ್ನೂ ಪ್ರಾಣಿಗಳ ಕೊಬ್ಬನ್ನೂ ತಿಮಿಂಗಿಲದ ಎಣ್ಣೆಯನ್ನೂ ಬಂದೂಕುಗಳಿಗೆ ಹಚ್ಚುತ್ತಿದ್ದರು. ಬಳಿಕ ಬ್ರಿಟಿಷರ ಸೈನ್ಯದಲ್ಲಿ ಬರ್ಮಾದ ಖನಿಜ ತೈಲ 'ರಂಗೂನ್ ಎಣ್ಣೆ' ಎಂಬ ಹೆಸರಿನಿಂದ ರೂಢಿಗೆ ಬಂದಿತು. ಭಾರತೀಯರಾದ ನಾವು ಮರೆಯಲಾಗದ ಘಟನೆಯೊಂದು ಇಲ್ಲಿದೆ. 1857ರ ಜನವರಿಯಲ್ಲಿ ಹೊಸ ಎನ್‌ಫೀಲ್ಡ್ ಬಂದೂಕಿನ ತೋಟೆಗಳಿಗೆ ಹಸುವಿನ ಮತ್ತು ಹಂದಿಯ ಕೊಬ್ಬನ್ನು ಸವರಿದ್ದಾರೆಂಬ ಸುದ್ದಿ ಸಿಪಾಯಿಗಳಲ್ಲಿ ಹರಡಿತು. ತೋಟೆಯ ಕಾಗದವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದುದರಿಂದ ಅದು ಧರ್ಮದ ಪ್ರಶ್ನೆಯಾಯಿತು. ಅದೇ ತಿಂಗಳಲ್ಲಿ, ಸವರದ ತೋಟೆಗಳನ್ನೇ ಕೊಡತಕ್ಕದ್ದು, ಸಿಪಾಯಿಗಳು ತಮಗೆ ಒಪ್ಪುವ ಮಿಶ್ರಣವನ್ನು ತಾವೇ ಹಚ್ಚಿಕೊಳ್ಳಬಹುದು ಎಂಬ ಆಜ್ಞೆ ಹೊರಟಿತು. ಆದರೆ ಅಷ್ಟರಲ್ಲಿ ನಂಬಿಕೆ ಮುರಿದುಹೋಗಿತ್ತು. ಆ ದಂಗೆಗೆ ಕಾರಣಗಳು ಬೇರೆಯೂ ಹಲವಿದ್ದುವು; ಆದರೂ ಲೇಪದೊಳಗೆ ಏನಿದೆ ಎಂಬ ಪ್ರಶ್ನೆಗೆ ನಂಬುವಂತಹ ಉತ್ತರ ಸಕಾಲದಲ್ಲಿ ದೊರೆಯದಿದ್ದರೆ ಏನಾದೀತೆಂಬುದಕ್ಕೆ ಅದು ಸಾಕ್ಷಿ.

ಸೀಸೆಯೊಳಗೆ ಏನಿದೆ?

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ಫೈರ್‌ಕ್ಲೀನ್ ವಿವಾದದಲ್ಲಿ ಬಳಸಿದ ಮುಖ್ಯ ಸಾಧನ ಅವಕೆಂಪು ರೋಹಿತ. ಅಣುವಿನಲ್ಲಿ ಪರಮಾಣುಗಳು ಸುರುಳಿ ತಂತಿಗಳಿಂದ ಕಟ್ಟಿದ ಗುಂಡುಗಳಂತೆ ಸದಾ ಕಂಪಿಸುತ್ತಿರುತ್ತವೆ. ಒಂದೊಂದು ಬಗೆಯ ಬಂಧಕ್ಕೆ ಒಂದೊಂದು ಸಹಜವಾದ ಕಂಪನಸಂಖ್ಯೆ ಇದೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಎಣ್ಣೆಯ ಮೂಲಕ ಹಾಯಿಸಿದರೆ, ತನ್ನ ಕಂಪನಕ್ಕೆ ಹೊಂದುವ ಬೆಳಕನ್ನು ಆಯಾ ಬಂಧವು ಹೀರಿಕೊಳ್ಳುತ್ತದೆ. ಹೊರಬಂದ ಬೆಳಕಿನಲ್ಲಿ ಎಲ್ಲೆಲ್ಲಿ ತಗ್ಗುಗಳಿವೆ ಎಂದು ನೋಡಿದರೆ ಒಳಗೆ ಯಾವ ಬಂಧಗಳಿವೆ ಎಂದು ಹೇಳಬಹುದು.

ಸಸ್ಯತೈಲಗಳಲ್ಲಿ ಗ್ಲಿಸರಿನ್ನಿಗೂ ಮೇದಾಮ್ಲಕ್ಕೂ ನಡುವಣ ಎಸ್ಟರ್ ಗುಂಪಿನಲ್ಲಿ ಇಂಗಾಲ ಮತ್ತು ಆಮ್ಲಜನಕಗಳ ಜೋಡಿಬಂಧವಿದೆ. ಅದು ಸುಮಾರು 5.7 ಮೈಕ್ರಾನ್ ತರಂಗಾಂತರದ ಬೆಳಕನ್ನು ಬಲವಾಗಿ ಹೀರುತ್ತದೆ. ಬರಿಯ ಖನಿಜ ತೈಲದ ರೋಹಿತದಲ್ಲಿ ಈ ತಗ್ಗು ಇಲ್ಲ. ಆದುದರಿಂದ ಯಾವುದಾದರೊಂದು ಬಂದೂಕಿನ ಎಣ್ಣೆಯ ಬಹುಭಾಗ ಸಸ್ಯತೈಲವೋ ಖನಿಜ ತೈಲವೋ ಎಂಬುದನ್ನು ಈ ಪರೀಕ್ಷೆಯಿಂದ ಕೆಲವೇ ನಿಮಿಷಗಳಲ್ಲಿ ಹೇಳಬಹುದು. ಪರೀಕ್ಷೆಗೊಳಗಾದ ಎಣ್ಣೆಯ ರೋಹಿತವೂ ಅಡಿಗೆ ಎಣ್ಣೆಗಳ ರೋಹಿತವೂ ಬಹಳ ಮಟ್ಟಿಗೆ ಒಂದೇ ಆಗಿ ಕಂಡುವು.

ಆದರೆ ಇದರಿಂದ ಎಷ್ಟನ್ನು ತೀರ್ಮಾನಿಸಬಹುದು? ಸೋಯಾ ಎಣ್ಣೆ, ಸಾಸಿವೆಯ ಜಾತಿಯ ಕನೋಲ ಎಣ್ಣೆ, ಕಡಲೆಕಾಯಿ ಎಣ್ಣೆ ಇವೆಲ್ಲವುಗಳಲ್ಲಿರುವುದೂ ಅವೇ ಬಂಧಗಳು. ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ. ಅವುಗಳ ಅವಕೆಂಪು ರೋಹಿತಗಳನ್ನು ಒಂದರ ಮೇಲೊಂದು ಇಟ್ಟರೆ ಸಾಮಾನ್ಯ ದೃಷ್ಟಿಗೆ ಭೇದವೇ ತೋರದು. ಮಾತಿನ ಧಾಟಿಯಿಂದ ಒಬ್ಬನು ಯಾವ ಸೀಮೆಯವನೆಂದು ತಿಳಿಯಬಹುದು. ಯಾವ ಮನೆಯವನೆಂದು ತಿಳಿಯಲಾಗದು. ಈ ಪರೀಕ್ಷೆಯೂ ಹಾಗೆಯೇ. ಇದು ಸಸ್ಯತೈಲ ಎಂದು ಹೇಳುವುದು ಅದರ ಅಧಿಕಾರದೊಳಗಿದೆ. ಇದು ಇಂತಹ ಅಂಗಡಿಯ ಇಂತಹ ಸೀಸೆಯ ಎಣ್ಣೆಯೇ ಎಂದು ಹೇಳುವುದು ಆ ಅಧಿಕಾರವನ್ನು ಮೀರಿದ ಮಾತು. ಅದಕ್ಕೆ ಎಣ್ಣೆಯನ್ನು ಒಡೆದು, ಅನಿಲ ಕ್ರೊಮ್ಯಾಟೋಗ್ರಫಿ ಎಂಬ ವಿಧಾನದಿಂದ ಮೇದಾಮ್ಲಗಳನ್ನು ಬೇರ್ಪಡಿಸಿ, ಒಂದೊಂದರ ಶೇಕಡಾ ಪ್ರಮಾಣವನ್ನು ಅಳೆಯಬೇಕು.

ನ್ಯಾಯಾಲಯವಾದರೂ ಇದನ್ನು ತೀರ್ಮಾನಿಸಿತೆ ಎಂದರೆ, ವರ್ಜೀನಿಯದಲ್ಲಿ ಹೂಡಿದ ಮೊಕದ್ದಮೆ ವಜಾ ಆದುದು ಬೇರೆ ರಾಜ್ಯದವರಾದ ಆಪಾದಿತರ ಮೇಲೆ ಆ ನ್ಯಾಯಾಲಯಕ್ಕೆ ಅಧಿಕಾರವ್ಯಾಪ್ತಿ ಇಲ್ಲವೆಂಬ ಕಾರಣದಿಂದ. ಬಳಿಕ ವ್ಯಾಜ್ಯ ಅರಿಜೋನ ರಾಜ್ಯಕ್ಕೆ ಹೋಯಿತು. ಒಂದು ಮೊಕದ್ದಮೆ ಬಿದ್ದುಹೋಯಿತೆಂದರೆ ಎಣ್ಣೆಯ ರಸಾಯನ ನಿರ್ಣಯವಾಯಿತೆಂದು ಅರ್ಥವಲ್ಲ.

ಕೆಲಸ ಮಾಡುತ್ತದೆಯೆ?

ಅಡಿಗೆ ಎಣ್ಣೆ ಎಂದೊಡನೆ ಮೋಸ ಎಂದು ಹಲವರು ತೀರ್ಪು ಕೊಟ್ಟರು. ಇದು ತರ್ಕಕ್ಕೆ ನಿಲ್ಲದು. ಸಸ್ಯತೈಲದ ಅಣು ಲೋಹವನ್ನು ಹಿಡಿಯುವುದೂ, ಹೆಚ್ಚಿನ ಕಾವನ್ನು ತಾಳುವುದೂ ನಿಜವಾಗಿರುವಾಗ, ಅದು ಅಡಿಗೆಮನೆಯಿಂದ ಬಂದಿತೆಂಬ ಕಾರಣಕ್ಕೆ ಆ ಗುಣಗಳು ಮಾಯವಾಗುವುದಿಲ್ಲ. ಹಾಗೆಯೇ, ಪೇಟೆಂಟು ದೊರೆತಿದೆ ಎಂಬ ಕಾರಣಕ್ಕೆ ಎಣ್ಣೆ ಉತ್ತಮವೆಂದೂ ಹೇಳುವಂತಿಲ್ಲ. ಪೇಟೆಂಟು ಕಚೇರಿ ಮಾರುಕಟ್ಟೆಯ ಎಣ್ಣೆಗಳ ನಡುವೆ ಪಂದ್ಯ ನಡೆಸಿ ಬಹುಮಾನ ಕೊಡುವ ಸ್ಥಳವಲ್ಲ.

ಸರಿಯಾದ ಪರೀಕ್ಷೆಯನ್ನು ಯೋಜಿಸುವುದು ಕಷ್ಟವಲ್ಲ. ಒಂದೇ ಬಗೆಯ ಬಂದೂಕುಗಳು, ಒಂದೇ ಕಂತಿನ ತೋಟೆಗಳು, ಸಮನಾದ ಸುತ್ತುಗಳು. ಸೀಸೆಗಳ ಮೇಲೆ ಹೆಸರಿಲ್ಲದೆ ಸಂಖ್ಯೆ ಮಾತ್ರ. ಕೊನೆಗೆ ಒರೆಸಿದ ಬಳಿಕವೂ ಉಳಿದ ಮಸಿಯನ್ನು ತೂಕ ಮಾಡಬೇಕು. ಅದೇ ಬಂದೂಕುಗಳನ್ನು ಎಣ್ಣೆ ಹಚ್ಚಿ ಕೆಲವು ತಿಂಗಳು ಸುಮ್ಮನೆ ಇಟ್ಟು, ಎಣ್ಣೆ ಅಂಟಾಗಿದೆಯೆ, ತುಕ್ಕು ಹಿಡಿದಿದೆಯೆ ಎಂದೂ ನೋಡಬೇಕು. ದಿನವೂ ಹಾರಿಸುವ ಬಂದೂಕಿನಲ್ಲಿ ಮೇಲಾದ ಎಣ್ಣೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿರುವ ಬಂದೂಕಿನಲ್ಲಿ ಕೀಳಾಗಬಹುದು.

ಹೊಸದೆ?

ಪೇಟೆಂಟು ಎಂದರೆ ಸಮಾಜವೂ ಶೋಧಕನೂ ಮಾಡಿಕೊಳ್ಳುವ ಒಂದು ಒಪ್ಪಂದ. ಶೋಧಕನು ತನ್ನ ಗುಟ್ಟನ್ನು, ಆ ವಿಷಯ ಬಲ್ಲ ಯಾರಾದರೂ ಓದಿ ಮಾಡುವಷ್ಟು ವಿವರವಾಗಿ ಬರೆದು ಪ್ರಕಟಿಸಬೇಕು. ಅದಕ್ಕೆ ಪ್ರತಿಯಾಗಿ, ಅರ್ಜಿ ಕೊಟ್ಟಂದಿನಿಂದ 20 ವರ್ಷಗಳವರೆಗೆ ಅದನ್ನು ಇತರರು ಅನುಮತಿಯಿಲ್ಲದೆ ಬಳಸದಂತೆ ತಡೆಯುವ ಹಕ್ಕು ಅವನಿಗೆ ದೊರೆಯುತ್ತದೆ. ಶೋಧ ಹೊಸದಾಗಿರಬೇಕು, ಆ ವಿಷಯ ಬಲ್ಲವನಿಗೆ ತಾನಾಗಿಯೇ ಹೊಳೆಯುವಂತಹುದಾಗಿರಬಾರದು, ಉಪಯುಕ್ತವಾಗಿರಬೇಕು.

ಎಣ್ಣೆ ಹಳೆಯದಾದರೆ ಪೇಟೆಂಟು ಹೇಗೆ ಎಂದು ಕೇಳಬಹುದು. ಅಮೆರಿಕದ 1952ರ ಕಾನೂನಿನ ಪ್ರಕಾರ, ತಿಳಿದಿರುವ ವಸ್ತುವಿನ ಹೊಸ ಉಪಯೋಗವೂ ಒಂದು 'ವಿಧಾನ'ವೆಂದು ಎಣಿಸಲ್ಪಡುತ್ತದೆ. ಅಂದರೆ ಅಲ್ಲಿ ಎಣ್ಣೆಯ ಮೇಲೆ ಹಕ್ಕಿಲ್ಲದಿದ್ದರೂ, ಇಂತಹ ಮಿಶ್ರಣವನ್ನು ಬಂದೂಕಿಗೆ ಇಂತಹ ಉದ್ದೇಶಕ್ಕೆ ಹಚ್ಚುವ ಕ್ರಮದ ಮೇಲೆ ಹಕ್ಕು ಕೇಳಬಹುದು. ಆದುದರಿಂದ 'ಇದು ಅಡಿಗೆ ಎಣ್ಣೆ' ಎಂದು ಸಾಧಿಸಿದ ಮಾತ್ರಕ್ಕೆ ಅಂತಹ ಪೇಟೆಂಟು ಬಿದ್ದುಹೋಗದು. ಅದನ್ನು ಬೀಳಿಸಬೇಕಾದರೆ, ಅಂತಹ ಎಣ್ಣೆಯನ್ನು ಆ ಉದ್ದೇಶಕ್ಕೆ ಮೊದಲೇ ಬಳಸುತ್ತಿದ್ದರೆಂದಾಗಲಿ, ಬಲ್ಲವನಿಗೆ ಅದು ಸಹಜವಾಗಿಯೇ ಹೊಳೆಯುತ್ತಿತ್ತೆಂದಾಗಲಿ ದಾಖಲೆಗಳಿಂದ ತೋರಿಸಬೇಕು. ವೆಲ್ಸ್ ಮತ್ತು ಸೌತ್‌ಕೂಂಬರ ಉದಾಹರಣೆ ನೆನಪಿರಲಿ: ಹಳೆಯ ವಸ್ತುಗಳಿಂದಲೂ ಹೊಸ ಅರಿವು ಹುಟ್ಟಬಹುದು.

ಭಾರತದ 1970ರ ಪೇಟೆಂಟು ಕಾಯಿದೆ ಬೇರೆ ದಾರಿಯನ್ನು ಹಿಡಿದಿದೆ. ಅದರ 3ನೆಯ ಕಲಮಿನ ಪ್ರಕಾರ, ತಿಳಿದಿರುವ ವಸ್ತುವಿನ ಹೊಸ ಗುಣವನ್ನೋ ಹೊಸ ಉಪಯೋಗವನ್ನೋ ಬರಿದೆ ಕಂಡುಹಿಡಿದರೆ ಅದು ಶೋಧವಲ್ಲ. ಘಟಕಗಳ ಗುಣಗಳ ಮೊತ್ತವನ್ನಷ್ಟೇ ಕೊಡುವ ಮಿಶ್ರಣವೂ ಶೋಧವಲ್ಲ. ಹಲವು ಎಣ್ಣೆಗಳನ್ನು ಬೆರೆಸಿದವನು, ಬೆರೆಸಿದುದರಿಂದ ಬಿಡಿ ಎಣ್ಣೆಗಳಲ್ಲಿಲ್ಲದ ವಿಶೇಷ ಫಲ ದೊರೆಯಿತೆಂದು ಇಲ್ಲಿ ತೋರಿಸಬೇಕಾಗುತ್ತದೆ. ಪರಂಪರೆಯಿಂದ ಬಂದ ಜ್ಞಾನಕ್ಕೆ ಪೇಟೆಂಟಿಲ್ಲವೆಂಬ ಮಾತನ್ನು 2002ರ ತಿದ್ದುಪಡಿ ಸೇರಿಸಿತು.

ಈ ಎಚ್ಚರಿಕೆಗೆ ಕಾರಣವಿದೆ. ಬೇವಿನ ಬೀಜದ ಎಣ್ಣೆಯನ್ನು ಶಿಲೀಂಧ್ರನಾಶಕವಾಗಿ ಬಳಸುವ ವಿಧಾನಕ್ಕೆ ಅಮೆರಿಕದ ಕೃಷಿ ಇಲಾಖೆಗೂ ಡಬ್ಲ್ಯು. ಆರ್. ಗ್ರೇಸ್ ಸಂಸ್ಥೆಗೂ 1994ರಲ್ಲಿ ಯೂರೋಪಿನ ಪೇಟೆಂಟು ದೊರೆಯಿತು. ಭಾರತದಲ್ಲಿ ಇದು ಮೊದಲೇ ಬಳಕೆಯಲ್ಲಿದ್ದಿತೆಂದು ವಂದನಾ ಶಿವ ಮೊದಲಾದವರು ಆಕ್ಷೇಪಿಸಿದರು. 2000ದಲ್ಲಿ ಪೇಟೆಂಟು ರದ್ದಾಯಿತು. 2005ರಲ್ಲಿ ಮೇಲ್ಮನವಿಯೂ ತಿರಸ್ಕೃತವಾಯಿತು. ಗಾಯ ಮಾಯಿಸಲು ಅರಿಸಿನವನ್ನು ಬಳಸುವುದರ ಮೇಲೆ 1995ರಲ್ಲಿ ದೊರೆತಿದ್ದ ಅಮೆರಿಕದ ಪೇಟೆಂಟನ್ನು ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಲಿ ಪ್ರಶ್ನಿಸಿ, ಹಳೆಯ ಗ್ರಂಥಗಳ ಮತ್ತು ಪತ್ರಿಕೆಗಳ ಆಧಾರ ಕೊಟ್ಟು, 1997ರಲ್ಲಿ ರದ್ದುಗೊಳಿಸಿತು. ಎರಡರಲ್ಲಿಯೂ ಗೆಲುವು ಬಂದುದು ಕೋಪದಿಂದಲ್ಲ, ದಾಖಲೆಯಿಂದ.

ಈ ಕಥೆಗೆ ಒಂದು ವಿನೋದದ ಬಾಲವೂ ಇದೆ. ವಿವಾದದಲ್ಲಿ ಹೀಯಾಳಿಕೆಯ ಮಾತಾಗಿದ್ದ ಕ್ರಿಸ್ಕೊ ಎಂಬ ಹೆಸರೇ ಒಮ್ಮೆ ಪೇಟೆಂಟು ವ್ಯಾಜ್ಯದಲ್ಲಿತ್ತು. 1911ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆ ಆ ಹೆಸರಿನಲ್ಲಿ ಮಾರುಕಟ್ಟೆಗೆ ತಂದುದು ದ್ರವವಲ್ಲ; ಹತ್ತಿಬೀಜದ ಎಣ್ಣೆಗೆ ಜಲಜನಕವನ್ನು ಕೂಡಿಸಿ ಹೆಪ್ಪುಗಟ್ಟಿಸಿದ, ನಮ್ಮ ವನಸ್ಪತಿಯಂತಹ ಕೊಬ್ಬು. ಅಂತಹುದನ್ನೇ ತಯಾರಿಸಿದ ಬರ್ಲಿನ್ ಮಿಲ್ಸ್ ಎಂಬ ಕಂಪೆನಿಯ ಮೇಲೆ ಅದು ದಾವೆ ಹೂಡಿತು. ಎಣ್ಣೆಯನ್ನು ಹೀಗೆ ಗಟ್ಟಿಮಾಡುವ ವಿದ್ಯೆ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ನನ ಕಾಲದಿಂದಲೇ ತಿಳಿದಿತ್ತು. 1920ರಲ್ಲಿ ಅಮೆರಿಕದ ಪರಮೋಚ್ಚ ನ್ಯಾಯಾಲಯ, ಇದರಲ್ಲಿ ಶೋಧವೆನ್ನುವಂತಹುದಿಲ್ಲವೆಂದು ಆ ಹಕ್ಕುಗಳನ್ನು ತಳ್ಳಿಹಾಕಿತು. ಪೇಟೆಂಟು ಬಿದ್ದಿತು, ಕೊಬ್ಬು ಮಾತ್ರ ಮುಂದೆಯೂ ಮಾರಾಟವಾಯಿತು, ಏಕೆಂದರೆ ಅದು ಕೆಲಸಕ್ಕೆ ಬರುತ್ತಿತ್ತು. ಹೊಸತನವೂ ಉಪಯುಕ್ತತೆಯೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಕೊನೆಯದಾಗಿ, ವಾಚಕರು ಮನೆಯಲ್ಲಿಯೇ ಮಾಡಬಹುದಾದ ಒಂದು ಪ್ರಯೋಗ. ಮೂರು ಗಾಜಿನ ಬಿಲ್ಲೆಗಳ ಮೇಲೆ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಅಗಸೆ ಎಣ್ಣೆಗಳನ್ನು ಒಂದೊಂದರಂತೆ ತೆಳ್ಳಗೆ ಸವರಿ, ಧೂಳು ಬೀಳದಂತೆ ಕಿಟಕಿಯ ಬಳಿ ಒಂದು ತಿಂಗಳು ಇಡಿ. ವಾರಕ್ಕೊಮ್ಮೆ ಬೆರಳಿನಿಂದ ಮುಟ್ಟಿ, ಕಂಡುದನ್ನು ತಾರೀಖಿನೊಡನೆ ಬರೆದಿಡಿ. ಅಗಸೆ ಎಣ್ಣೆ ಮೊದಲು ಅಂಟಾಗಿ ಪೊರೆಗಟ್ಟುವುದನ್ನೂ, ಕೊಬ್ಬರಿ ಎಣ್ಣೆ ಬಹುಮಟ್ಟಿಗೆ ಹಾಗೆಯೇ ಉಳಿಯುವುದನ್ನೂ ಕಾಣುವಿರಿ. ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಕೊಟ್ಟಾಗ, ಬೀಗಕ್ಕೆ ಯಾವ ಎಣ್ಣೆ ಹಾಕಬೇಕೆಂಬ ಮನೆಯ ಹಳೆಯ ಚರ್ಚೆಯನ್ನು ಅವರು ತಾವೇ ತೀರಿಸಿಕೊಂಡರು. ಸಣ್ಣದೇ ಆದರೂ ಅದು ಅಳೆದು ಪಡೆದ ಉತ್ತರ. ಎಣ್ಣೆ ಬಂದೂಕಿನದಾಗಲಿ ಬಾಣಲೆಯದಾಗಲಿ, ಸೀಸೆಯ ಹೆಸರನ್ನೂ ಬೆಲೆಯನ್ನೂ ಬದಿಗಿಟ್ಟು ಮೊದಲು ಕೇಳಬೇಕಾದುದು ಅದನ್ನೇ: ಯಾರು ಅಳೆದರು, ಯಾವುದನ್ನು ಅಳೆದರು, ಆ ಅಳತೆ ಯಾವ ಪ್ರಶ್ನೆಗೆ ಉತ್ತರ?